ಕರೆದರೆ ಬರುವ ತಪ್ಪು

ಹೋದ ವಾರ ಯಾರೋ ಪುಣ್ಯಾತ್ಮ, ಯಾವ ದೇಶದವನೋ ಗೊತ್ತಿಲ್ಲ, ನಮ್ಮ ತಂತ್ರಾಂಶದ ಪುಟದಲ್ಲಿ ಒಂದು ಪ್ರಶ್ನೆ ಹಾಕಿದ್ದ. ನಮ್ಮದು ಕನ್ನಡ ಓದಿ ಹೇಳುವ ತಂತ್ರಾಂಶ. ಕಣ್ಣು ಕಾಣದವರ ಕಂಪ್ಯೂಟರಿನಲ್ಲಿ ಕೂತು ಅಕ್ಷರವನ್ನು ಮಾತಾಗಿಸುತ್ತದೆ. ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಪುಕ್ಕಟೆ ಒಯ್ಯಬಹುದು, ಆಮೇಲೆ ನಮ್ಮನ್ನೇ ಬೈಯಲೂಬಹುದು. ಅದನ್ನು ಯಾರು ಎಲ್ಲಿ ಚೂರು ಮುಟ್ಟಿದರೂ ಒಂದು ಪರೀಕ್ಷೆ ತಾನಾಗಿ ಓಡುತ್ತದೆ. ಆ ಪರೀಕ್ಷೆಯ ಪಠ್ಯದ ತುದಿಯಲ್ಲಿ ಒಂದು ಕನ್ನಡ ಸಾಲಿದೆ. ಈತ ಕೇಳಿದ್ದು ಇಷ್ಟೇ: ಈ ಸಾಲು ಯಾಕಿದೆ? ಇದನ್ನು ತೆಗೆದು ಎಲ್ಲರಿಗೂ ಅರ್ಥವಾಗುವ ಇಂಗ್ಲಿಷ್ ಸಾಲು ಹಾಕಬಹುದೆ?

ಓದಿದ ಕೂಡಲೇ ನನಗೆ ಮೈ ಉರಿಯಿತು. ನಾಲ್ಕು ಖಾರದ ಮಾತು ಬರೆದು, ಕಳಿಸುವ ಮೊದಲು ಅಳಿಸಿದೆ. ಪಾಪ, ಅವನು ಕೇಳಿದ್ದರಲ್ಲಿ ತಪ್ಪೇನಿದೆ? ‘ಯಾಕೆ’ ಅಂತ ಕೇಳಿದವರನ್ನು ಗದರಿದರೆ ಆ ಸಾಲು ಬರೆದವರಿಗೇ ಆಗುತ್ತಿರಲಿಲ್ಲ. ಅವರು ಈ ಸಲದ ಶ್ರಾವಣದಲ್ಲಿ ಲಿಂಗೈಕ್ಯರಾದರು. ಉತ್ತರ ಹೇಳುವ ಹೊಣೆ ಈಗ ನನ್ನದು. ಎರಡು ಸಾಲಿನಲ್ಲಿ ಹೇಳೋಣ ಎಂದು ಕೂತೆ, ಆಗಲಿಲ್ಲ.

ನಾವೆಲ್ಲ ಅವರನ್ನು ಮೇಡಂ ಎಂದೇ ಕರೆಯುತ್ತಿದ್ದೆವು, ಇಲ್ಲೂ ಹಾಗೇ ಇರಲಿ. ಬಾಗಲಕೋಟೆ ಕಡೆಯವರು. ಜಾಲಹಳ್ಳಿಯಲ್ಲಿ ಫ್ಲ್ಯಾಟು, ಪೀಣ್ಯದಲ್ಲಿ ಆಫೀಸು. ಹಣೆಗೆ ವಿಭೂತಿಯ ತೆಳು ಗೆರೆ, ಮೈಮೇಲೆ ಇಳಕಲ್ ಸೀರೆ, ಕಾಲಿಗೆ ಮಾತ್ರ ಓಟಗಾರರು ಹಾಕುವಂಥ ದಪ್ಪ ಬೂಟು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ಬೂಟು ನೋಡಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದೆ. ಅವರ ಕಣ್ಣಿಗೆ ಬಿತ್ತು.

“ನಗು ತಂಗಿ, ನಗು. ಸೀರಿ ಉಟ್ಕೊಂಡು ಚಪ್ಪಲಿ ಮ್ಯಾಲ ಮೆಟ್ರೋ ಹಿಡ್ಯಾಕ ಓಡು ನೀ ಒಮ್ಮಿ. ಆಮ್ಯಾಲೆ ನಾನೂ ನಗ್ತೀನಿ.”

ನಮ್ಮ ಆಫೀಸು ಇದ್ದದ್ದು ಒಂದು ಪ್ರೆಸ್ ಶಾಪಿನ ಮೇಲಿನ ಮಹಡಿಯಲ್ಲಿ. ಕೆಳಗೆ ತಗಡು ಒತ್ತುವ ಯಂತ್ರ ಧಡ್ ಅಂದಾಗಲೆಲ್ಲ ಮೇಲೆ ನಮ್ಮ ಟೀ ಲೋಟ ಕುಣಿಯುತ್ತಿತ್ತು. ಸುತ್ತಲಿನ ಕಾರ್ಖಾನೆಗಳಿಗೆ ಸ್ಟಾಕು, ಬಿಲ್ಲು, ಹಾಜರಿಯ ಸಾಫ್ಟ್‌ವೇರ್ ಮಾಡಿಕೊಡುವುದು ಹೊಟ್ಟೆಪಾಡಿನ ಕೆಲಸ. ಶನಿವಾರ ಬಂತೆಂದರೆ ಮೇಡಂ ಹಿಂದೆ ಬಿದ್ದು ಈ ಓದುವ ತಂತ್ರಾಂಶದ ಕೆಲಸ. ಕಂಪ್ಯೂಟರಿನ ಮಾತನ್ನು ಕಿವಿಗೊಟ್ಟು ಕೇಳುವುದಕ್ಕೆ ಇದಕ್ಕಿಂತ ದರಿದ್ರ ಜಾಗ ಇಡೀ ಬೆಂಗಳೂರಿನಲ್ಲಿ ಇರಲಾರದು. ನಾನು ಗೊಣಗಿದಾಗಲೆಲ್ಲ ಅವರು, “ಈ ಗದ್ದಲದಾಗ ತಿಳೀತಂದ್ರ ಎಲ್ಲಾ ಕಡೆ ತಿಳೀತೈತಿ” ಅನ್ನುತ್ತಿದ್ದರು. ಅಂದು, ಕಣ್ಣು ಮುಚ್ಚಿ, ಕಿವಿಯ ಹಾಲೆ ಎಳೆದುಕೊಳ್ಳುತ್ತ ಮತ್ತೆ ಕೇಳಲು ಕೂರುತ್ತಿದ್ದರು.

ಒಮ್ಮೆ ಪತ್ರಿಕೆಯವಳೊಬ್ಬಳು ಬಂದು, ಈ ಸೇವೆಗೆ ನಿಮಗೆ ಪ್ರೇರಣೆ ಯಾರು ಎಂದು ಕೇಳಿದಳು. ಮನೆಯಲ್ಲಿ ಯಾರಾದರೂ ಕುರುಡರಿರಬೇಕು, ಕಣ್ಣೀರಿನ ಕಥೆ ಸಿಗಬೇಕು ಎಂದು ಅವಳ ಆಸೆ. ಮೇಡಂ ಯೋಚನೆ ಮಾಡಿ ಹೇಳಿದರು: “ಯಾರೂ ಇಲ್ಲವ್ವಾ. ಒಂದು ಕಂಪ್ಯೂಟರ್ ಕನ್ನಡ ಓದೂದು ಕೇಳಿದೆ. ಒತ್ತಕ್ಷರ ಬಂದ ಕೂಡ್ಲೆ ಎಡವಿ ಬೀಳ್ತಿತ್ತು. ಯಾಕ ಬೀಳ್ತೈತಿ ಅಂತ ನೋಡಾಕ ಒಳಗ ಹೋದೆ. ಇನ್ನೂ ಹೊರಗ ಬಂದಿಲ್ಲ.” ಆ ಸಂದರ್ಶನ ಅಚ್ಚಾಗಲೇ ಇಲ್ಲ.

ಆದರೆ ಅದು ನಿಜ. ಅವರ ಎಲ್ಲ ಕೆಲಸದ ಮೂಲ ಈ ‘ಯಾಕ’. ಕಣ್ಣು ಕಾಣದವರು ಕಂಪ್ಯೂಟರಿನ ಮಾತನ್ನು ನಮಗಿಂತ ಎಷ್ಟೋ ವೇಗದಲ್ಲಿ ಕೇಳುತ್ತಾರೆ ಎಂದು ಗೊತ್ತಾದ ಮೇಲೆ, ತಾವೂ ಅದೇ ವೇಗ ಕಲಿಯಲು ಹೊರಟರು. ಮೆಟ್ರೋದಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಇಡೀ ಪೇಪರು ಕೇಳಿ ಮುಗಿಸುತ್ತಿದ್ದರು. ಒಂದು ದಿನ ನನ್ನ ಕಿವಿಗೂ ಕೊಟ್ಟರು. ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಕೇಳಿಸಿತೇ ಹೊರತು ಒಂದಕ್ಷರವೂ ತಿಳಿಯಲಿಲ್ಲ.

ಇನ್ನು ಆ ಡಬ್ಬಿ. ಅವರ ಮೇಜಿನ ಪಕ್ಕದ ಬೀರುವಿನ ಮೇಲೆ ಒಂದು ದೊಡ್ಡ ಸ್ಟೀಲ್ ಡಬ್ಬಿ ಇರುತ್ತಿತ್ತು. ಅದರೊಳಗೆ ಮನೆಯಲ್ಲಿ ಒಗ್ಗರಣೆ ಹಾಕಿ ತಂದ ಚುರುಮುರಿ. ಶೇಂಗಾ, ಪುಟಾಣಿ, ಕರಿಬೇವು, ಹೊಳೆಯುವ ಅರಿಶಿನ. ಡ್ರಾಯರಿನಲ್ಲಿ ಒಂದು ಚಾಕು, ಈರುಳ್ಳಿ, ಲಿಂಬೆಹಣ್ಣು. ವಾಸನೆಗೆ ಬಾಯಲ್ಲಿ ನೀರೂರುತ್ತಿತ್ತು. ಮುಟ್ಟುವ ಹಾಗಿಲ್ಲ. ನಾನು ಸೇರಿದ ವಾರವೇ ಪ್ರೋಗ್ರಾಮಿನ ಏನೋ ಒಂದು ತಪ್ಪು ಸರಿಮಾಡಿ, ಉಬ್ಬಿಹೋಗಿ, ಡಬ್ಬಿಯ ಕಡೆ ನೋಡುತ್ತ ನಿಂತೆ.

“ಹೋಯ್ತು ಮೇಡಂ!”

“ಎಲ್ಲಿಗೆ ಹೋತು?”

“ಅಂದ್ರೆ... ಈಗ ಬರ್ತಿಲ್ಲ.”

“ವಿಳಾಸ ಕೊಟ್ಟು ಹೋತೇನು?” ಅಂದರು, ತಲೆ ಎತ್ತದೆ. “ಕರದ್ರ ಬರ್ತಿತ್ತಾ ಮೊದಲ?”

ಇಲ್ಲ, ಬರುತ್ತಿರಲಿಲ್ಲ. ಒಮ್ಮೊಮ್ಮೆ ತಾನಾಗಿ ಬರುತ್ತಿತ್ತು, ಹೋಗುತ್ತಿತ್ತು. ಅವರ ನಿಯಮ ಆಗ ತಿಳಿಯಿತು. ತಪ್ಪನ್ನು ತಿದ್ದುವ ಮೊದಲು ಅದನ್ನು ಬೇಕೆಂದಾಗ ಬರುವ ಹಾಗೆ ಮಾಡಬೇಕು. ಹೀಗೆ ಒತ್ತಿದೆ, ಬಂತು. ಮತ್ತೆ ಒತ್ತಿದೆ, ಮತ್ತೆ ಬಂತು. ಅಷ್ಟಾದಾಗ ಡಬ್ಬಿ ಕೆಳಗಿಳಿಯುತ್ತಿತ್ತು, ಈರುಳ್ಳಿ ಹೆಚ್ಚಿ, ಲಿಂಬೆ ಹಿಂಡಿ, ಪ್ರೆಸ್ ಶಾಪಿನವರಿಗೂ ಒಂದು ಪೊಟ್ಟಣ ಹೋಗುತ್ತಿತ್ತು. ತಪ್ಪು ಸರಿಹೋದ ದಿನ ಮಾತ್ರ ಏನೂ ಇಲ್ಲ. “ಸರಿ ಮಾಡಾಕ ಪಗಾರ ಕೊಡ್ತಾರಲ್ಲ” ಅನ್ನುತ್ತಿದ್ದರು. ತಪ್ಪು ಸಿಕ್ಕಿದ್ದಕ್ಕೆ ತಿಂಡಿ, ಸರಿಯಾದದ್ದಕ್ಕೆ ಏನೂ ಇಲ್ಲ ಅನ್ನುವ ಆಫೀಸು ನಾನು ಬೇರೆ ಕಂಡಿಲ್ಲ.

ಶರಣಪ್ಪ ಬಂದದ್ದು ಫೋನಿನಲ್ಲಿ. ಕೊಪ್ಪಳದ ಕಡೆಯವನು, ಹುಟ್ಟಿನಿಂದ ಕಣ್ಣು ಕಾಣದು. ನಮ್ಮಿಂದ ಎರಡು ರಸ್ತೆ ಆಚೆ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಡಿಸ್ಪ್ಯಾಚ್ ಕೆಲಸ. ಆಫೀಸಿನಿಂದ ಬರುವ ಆರ್ಡರುಗಳನ್ನು ನಮ್ಮ ತಂತ್ರಾಂಶ ಅವನಿಗೆ ಓದಿ ಹೇಳುತ್ತಿತ್ತು. ಅವನು ಕೇಳಿಕೊಂಡು, ಯಾವ ಲಾರಿಗೆ ಏನೇನು ಹೇರಬೇಕೆಂದು ಗೋದಾಮಿಗೆ ಫೋನಿನಲ್ಲಿ ಹೇಳುತ್ತಿದ್ದ. ಬಾಯಿ ಜೋರು. ಮೊದಲ ಸಲ ಅವನ ಫೋನು ಎತ್ತಿದವಳು ನಾನು.

“ಮೇಡಂ, ನಿಮ್ ಮಷಿನ್ನು ನನ್ನ ಕುತ್ತಿಗಿ ಕೊಯ್ಯಾಕತ್ತೈತ್ರಿ.”

ಆ ಭಾಷೆ ಕಿವಿಗೆ ಬಿದ್ದದ್ದೇ ತಡ, ಮೇಡಂ ನನ್ನ ಕೈಯಿಂದ ಫೋನು ಕಿತ್ತುಕೊಂಡರು. ಊರು ಕೇಳಿದರು, ಹೆಸರು ಕೇಳಿದರು. ಆಮೇಲೆ, “ಊಟ ಆತೇನೋ?” ಎಂದು ಕೇಳಿದರು.

“ಊಟ ತಗೊಂಡು ಏನ್ ಮಾಡ್ಲಿರಿ ಅಕ್ಕಾರ, ನನ್ನ ನೌಕರಿ ಹೊಂಟೈತಿ!”

ಅದು ಹಾಗೇ ರೂಢಿಯಾಯಿತು. ಅವನು ಯಾವಾಗ ಫೋನು ಮಾಡಿದರೂ ಇವರ ಮೊದಲ ಮಾತು ಊಟ ಆತೇನೋ. ಅವನ ಉತ್ತರ ‘ಅದು ಬಿಡ್ರಿ’. ಒಂದು ದಿನವೂ ಆ ಪ್ರಾಣಿ ನೆಟ್ಟಗೆ ಆಗಿದೆ, ಆಗಿಲ್ಲ ಎಂದದ್ದನ್ನು ನಾನು ಕೇಳಿಲ್ಲ. ಲಾರಿಗಳೆಲ್ಲ ಹೊರಟ ಮೇಲೆಯೇ ಬುತ್ತಿ ಬಿಚ್ಚುವುದು ಅವನ ಅಭ್ಯಾಸ ಎಂದು ಇವರಿಗೆ ಹೇಗೋ ಗೊತ್ತಾಗಿತ್ತು. ಅದಕ್ಕೇ ಕೇಳುತ್ತಿದ್ದರು, ಅದಕ್ಕೇ ಅವನು ಹಾರಿಸುತ್ತಿದ್ದ.

ಅವನ ತೊಂದರೆ ಇದು. ತಂತ್ರಾಂಶ ಆರ್ಡರನ್ನು ಚೆನ್ನಾಗಿ ಓದುತ್ತಿತ್ತು. ಆದರೆ ಯಾವಾಗಲೋ ಒಮ್ಮೆ ಕೊನೆಯ ಸಾಲನ್ನು ಓದದೆ ಸುಮ್ಮನಾಗುತ್ತಿತ್ತು. ಕಣ್ಣಿದ್ದವರಿಗೆ ಪರದೆಯ ಮೇಲೆ ಒಂದು ಸಾಲು ಉಳಿದದ್ದು ಕಾಣುತ್ತದೆ. ಅವನಿಗೆ ಹೇಗೆ ತಿಳಿಯಬೇಕು? ಆರ್ಡರು ಮುಗಿದರೂ ಮೌನ, ಯಂತ್ರ ನಿಂತರೂ ಮೌನ. ಅವನು ಮುಗಿಯಿತೆಂದುಕೊಂಡು ಲಾರಿ ಕಳಿಸಿಬಿಡುತ್ತಿದ್ದ. ಹೊಸಪೇಟೆಗೆ ಪಂಪುಗಳು ಹೋದವು, ಅವುಗಳ ಸ್ಟಾರ್ಟರು ಪೆಟ್ಟಿಗೆ ಇಲ್ಲೇ ಉಳಿಯಿತು. ಕಾರ್ಖಾನೆಯ ಮ್ಯಾನೇಜರು ಬಾಗಿಲಲ್ಲೇ ನಿಂತು ಹೇಳಿದ್ದರಂತೆ, ಇನ್ನೊಂದು ಸಲ ಹೀಗಾದರೆ ಆ ಕುರ್ಚಿಯಲ್ಲಿ ಬೇರೆಯವರು ಕೂರುತ್ತಾರೆ ಎಂದು. ಹುಡುಕಿ ಹುಡುಕಿ ಸಿಕ್ಕಿದ ನೌಕರಿ ಅದು. ಅವನು ತಮಾಷೆ ಮಾಡುತ್ತಲೇ ಹೇಳುತ್ತಿದ್ದ.

ನಾವು ಹುಡುಕಲು ಕೂತೆವು. ನಮ್ಮ ಕಂಪ್ಯೂಟರುಗಳನ್ನು ನಡೆಸುವ ವ್ಯವಸ್ಥೆ ಲಿನಕ್ಸ್, ಅವನದು ವಿಂಡೋಸ್. ನಮ್ಮಲ್ಲಿ ಏನು ಮಾಡಿದರೂ ತಪ್ಪು ಬರಲಿಲ್ಲ. ಸರಿ, ಅವನ ಹತ್ತಿರ ಇದ್ದಂಥದೇ ಕಂಪ್ಯೂಟರ್ ತಂದೆವು, ಅದೇ ವಿಂಡೋಸ್ ಹಾಕಿದೆವು, ಅವನ ಆರ್ಡರುಗಳನ್ನೇ ತರಿಸಿ ಓದಿಸಿದೆವು. ಕೊನೆಯ ಸಾಲಿನವರೆಗೂ ಮುತ್ತಿನಂತೆ ಓದಿತು. ಅವನ ಮೇಜಿನಲ್ಲಿ ಮಾತ್ರ ಕೈಕೊಡುತ್ತಿತ್ತು.

ನವೀನ ಎಂದು ನನ್ನ ಜೊತೆಯವನೊಬ್ಬನಿದ್ದ, ಕೈ ಚುರುಕು. ಅವನು ತಂತ್ರಾಂಶ ಓದಲು ಶುರುಮಾಡುವ ಮೊದಲು ಅರೆಕ್ಷಣ ಸುಮ್ಮನೆ ಕಾಯುವಂತೆ ಒಂದು ಸಾಲು ಸೇರಿಸಿದ. ಶರಣಪ್ಪನಿಗೆ ಕಳಿಸಿದೆವು. ಒಂದು ದಿನ, ಎರಡು ದಿನ, ತೊಂದರೆಯಿಲ್ಲ. “ಸಕ್ಕತ್ ಗುರು, ಹೊಡೆದ್ಬಿಟ್ಟೆ!” ಎಂದು ನವೀನ ಬೀರುವಿನ ಕಡೆ ನಡೆದ. ಮೇಡಂ ಡಬ್ಬಿಯ ಮೇಲೆ ಕೈಯಿಟ್ಟರು.

“ಯಾಕ ನಿಂತಿತು, ಹೇಳು.”

“ಗೊತ್ತಿಲ್ಲ ಮೇಡಂ. ಆದ್ರೆ ನಿಂತೋಯ್ತಲ್ಲ?”

“ಹಂಗಾರ ಅಡಗೇತಿ. ಅವನ ಕಡೆ ಇದು ಇರ್ಲಿ, ಬ್ಯಾಡ ಅನ್ನೂದಿಲ್ಲ. ಆದ್ರ ವಾಸಿ ಆತು ಅಂತ ಮಾತ್ರ ಹೇಳಬ್ಯಾಡ್ರಿ.”

ನನಗೆ ತಲೆ ಕೆಟ್ಟುಹೋಯಿತು. ಅಂಥ ಸಿಟ್ಟು ಅವರ ಮೇಲೆ ನನಗೆ ಅದಕ್ಕೂ ಮೊದಲು ಬಂದಿರಲಿಲ್ಲ. “ಮೇಡಂ, ಇದು ನಿಮಗೆ ಕುತೂಹಲ. ಅವನಿಗೆ ಹೊಟ್ಟೆ. ನಿಂತಿದ್ಯಲ್ಲ, ಸಾಕು ಬಿಡ್ರಿ!” ಅಂದೇಬಿಟ್ಟೆ. ಅವರು ಕಿವಿಯ ಹಾಲೆ ಎಳೆದುಕೊಳ್ಳುತ್ತ ಕೂತರು. ಕೆಳಗೆ ಪ್ರೆಸ್ಸು ಧಡ್ ಧಡ್ ಅನ್ನುತ್ತಲೇ ಇತ್ತು.

ವಾರ ಕಳೆಯುವ ಮೊದಲೇ ಶರಣಪ್ಪನ ಫೋನು. ಮತ್ತೆ ಕೊನೆಯ ಸಾಲು ತಪ್ಪಿತ್ತು. ಗೋದಾಮಿನವನೊಬ್ಬ ಅನುಮಾನ ಬಂದು ಕೇಳಿದ್ದರಿಂದ ಲಾರಿ ಗೇಟು ದಾಟಲಿಲ್ಲ, ಅಷ್ಟೇ. ಮ್ಯಾನೇಜರಿಗೆ ಗೊತ್ತಾಗಿತ್ತು. ಸೋಮವಾರದಿಂದ ಬೇರೆ ಹುಡುಗ ಬರುತ್ತಾನೆ ಎಂದಿದ್ದರು.

“ಊಟ ಆತೇನೋ?” ಎಂದು ಮೇಡಂ ಕೇಳಿದ್ದಕ್ಕೆ ಆವತ್ತು ಅವನು ‘ಅದು ಬಿಡ್ರಿ’ ಅಂತಲೂ ಅನ್ನಲಿಲ್ಲ.

ಫೋನಿಟ್ಟ ಮೇಲೆ ಮೇಡಂ ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಿದರು. “ನಡಿ ತಂಗಿ. ನಾವು ಅದನ್ನ ನಮ್ಮ ಮನ್ಯಾಗ ಕೂತು ಕರ್ಯಾಕತ್ತೀವಿ. ಅದು ಇರೂದು ಅವನ ಮನ್ಯಾಗ.” ಹೊರಡುವಾಗ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡರು. ನನಗೆ ಅದೂ ಅತಿಯೆನಿಸಿತು. ಅಲ್ಲಿ ಒಬ್ಬನ ಅನ್ನ ಹೋಗುತ್ತಿದೆ, ಇವರಿಗೆ ಚುರುಮುರಿ!

ಪಂಪಿನ ಕಾರ್ಖಾನೆಯಲ್ಲಿ ಶರಣಪ್ಪನ ಮೇಜು ಲಾರಿ ನಿಲ್ಲುವ ಕಟ್ಟೆಯ ಪಕ್ಕ. ಬಾಗಿಲಲ್ಲಿ ನಮ್ಮ ದನಿ ಕೇಳಿ ಎದ್ದು ನಿಂತ. ಎತ್ತರದ ಆಳು, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಬಾಚಣಿಗೆ. ಅವನ ಕಂಪ್ಯೂಟರಿನ ಪರದೆ ಕಪ್ಪಗಿತ್ತು. ಕೆಟ್ಟಿದೆಯೇನೋ ಎಂದು ನಾನು ಅದರ ಬಟನ್ನಿಗೆ ಕೈ ಹಾಕಿದೆ.

“ಅದು ಬಂದ್ ಇರ್ಲಿ ಬಿಡ್ರಿ,” ಅಂದ. “ಯಾರ ನೋಡವ್ರು ಅದನ್ನ? ಸುಮ್ನ ಕರೆಂಟು ಯಾಕ ಸುಡೂದು?”

ನಾನು ಪೆಚ್ಚಾದೆ. ಮೇಡಂ ನಕ್ಕು, ಒಂದು ಸ್ಟೂಲು ಎಳೆದುಕೊಂಡು ಅವನ ಪಕ್ಕ ಕೂತು, “ದಿನಾ ಹೆಂಗ ಮಾಡ್ತೀಯೋ ಹಂಗ ಮಾಡು. ನಾ ಇದ್ದೀನಿ ಅಂತ ಏನೂ ಬದಲಿ ಮಾಡಬ್ಯಾಡ” ಅಂದರು.

ಅವನು ಕೆಲಸ ಶುರುಮಾಡಿದ. ನೋಡಲು ಪರದೆ ಇಲ್ಲದ್ದರಿಂದ ಮೇಡಂ ಅವನ ಬೆರಳು ನೋಡುತ್ತಿದ್ದರು. ಒಂದು ಆರ್ಡರು, ಇನ್ನೊಂದು ಆರ್ಡರು. ಯಂತ್ರ ಸಾಸಿವೆ ಸಿಡಿಸಿದ ಹಾಗೆ ಓದುತ್ತಿತ್ತು, ಅವನು ನಡುವೆ ತಲೆಯಾಡಿಸುತ್ತಿದ್ದ. ಇದ್ದಕ್ಕಿದ್ದ ಹಾಗೆ ಮೇಡಂ ಅವನ ಕೈ ಹಿಡಿದರು.

“ಈಗ ಏನೋ ಒತ್ತಿದಿಯಲ್ಲ, ಓದು ಅಂದ ಕೂಡ್ಲೆ?”

“ಪ್ರಿಂಟ್ರೀ. ಡ್ರೈವರಗ ಕಾಗದ ಬೇಕಲ್ರಿ.”

“ಓದು ಅನ್ನೂದು, ಪ್ರಿಂಟ್ ಅನ್ನೂದು, ಎರಡೂ ಒಮ್ಮೇ ಒತ್ತತೀ?”

“ಮತ್ತ? ಕಾಯಬೇಕೇನ್ರಿ? ಯಾರ್ನ ಕಾಯಬೇಕು?”

ಮೇಡಂ ನನ್ನ ಕಡೆ ತಿರುಗಿದರು. ಆ ಮುಖವನ್ನು ನಾನು ಸಾಯುವವರೆಗೂ ಮರೆಯಲಾರೆ. ಕಳ್ಳನ ಚಪ್ಪಲಿ ಸಿಕ್ಕಿದ ಪೊಲೀಸರ ಹಾಗೆ ಅರಳಿತ್ತು.

ನಾವು ಕಾಯುತ್ತಿದ್ದೆವು. ಓದು ಎಂದು ಒತ್ತಿ, ಪರದೆಯ ಮೇಲೆ ಕಿಟಕಿ ತೆರೆಯುವುದನ್ನು ನೋಡಿ, ಆಮೇಲೆ ಪ್ರಿಂಟ್ ಒತ್ತುತ್ತಿದ್ದೆವು. ಯಾರೂ ಹೇಳಿಕೊಟ್ಟದ್ದಲ್ಲ, ಕಣ್ಣಿದ್ದವರು ಯಾರಾದರೂ ಹಾಗೇ ಮಾಡುತ್ತಾರೆ. ಅವನಿಗೆ ಕಾಯಲು ಕಿಟಕಿಯೇ ಇಲ್ಲ. ಕೀಬೋರ್ಡಿನ ಕೀಲಿಗಳೆಲ್ಲ ಬಾಯಿಪಾಠ, ಮೊದಲನೆಯದು ಎದ್ದು ಕೂರುವಷ್ಟರಲ್ಲಿ ಎರಡನೆಯದನ್ನೂ ಎಬ್ಬಿಸಿಬಿಡುತ್ತಿದ್ದ. ಅವನಂಥವರಿಗಾಗಿ ಮಾಡಿದ ತಂತ್ರಾಂಶವನ್ನು ನಾವು ಇಷ್ಟು ದಿನ ನಮ್ಮ ಕಣ್ಣಿನಿಂದ ಪರೀಕ್ಷೆ ಮಾಡುತ್ತಿದ್ದೆವು!

“ನೀ ಮಾಡು ತಂಗಿ. ಕಣ್ಣು ಮುಚ್ಚು, ಎರಡೂ ಒಮ್ಮೇ ಒತ್ತು.”

ಒತ್ತಿದೆ. ಓದಿತು, ಓದಿತು, ಕೊನೆಯ ಸಾಲಿಗೆ ಬಂದು ಮೌನ. ಮತ್ತೆ ಒತ್ತಿದೆ. ಮೌನ. ನವೀನನ ಅರೆಕ್ಷಣವನ್ನು ತೆಗೆದು ನೋಡಿದೆವು, ಇಟ್ಟು ನೋಡಿದೆವು. ಇಟ್ಟಾಗ ಎರಡನೆಯ ಕೀಲಿಯನ್ನು ತುಸು ನಿಧಾನ ಒತ್ತಬೇಕು, ಅಷ್ಟೇ ವ್ಯತ್ಯಾಸ. ಕರೆದಾಗಲೆಲ್ಲ ಬಂತು. ಮೇಡಂ “ಬಂತು ನೋಡು, ಬಂತು!” ಎಂದು ಕೈತಟ್ಟಿದರು, ನಾನೂ ಕುಣಿದೆ, ಶರಣಪ್ಪ ಕೂತಲ್ಲೇ ಮೇಜು ಬಡಿದ. ಡಬ್ಬಿ ಚೀಲದಿಂದ ಹೊರಗೆ ಬಂತು.

ಅಷ್ಟರಲ್ಲಿ ಮ್ಯಾನೇಜರು ಬಂದರು. ಬಾಯಿತುಂಬ ಚುರುಮುರಿ ಇಟ್ಟುಕೊಂಡ ಮೂವರನ್ನು ನೋಡಿ, “ಸರಿ ಹೋಯ್ತಾ ಮೇಡಂ?” ಎಂದು ಕೇಳಿದರು.

“ಇಲ್ರೀ. ಕೆಡಾಕತ್ತೈತಿ! ಪ್ರತಿ ಸಲ ಕೆಡ್ತೈತಿ!”

“ಕೆಟ್ಟಿದೆ ಅಂತ ಹಬ್ಬ ಮಾಡ್ತಿದ್ದೀರಾ?” ಅವರಿಗೆ ಸಿಟ್ಟು ನೆತ್ತಿಗೇರಿತ್ತು. “ನನ್ ಲಾರಿ ಅಲ್ಲಿ ನಿಂತಿದೆ, ನೀವಿಲ್ಲಿ ತಿಂಡಿ ತಿಂತಾ ಇದ್ದೀರಲ್ಲ!”

ನನಗೆ ಭೂಮಿಯೊಳಗೆ ಇಳಿದುಹೋಗಬೇಕು ಅನಿಸಿತು. ಮೇಡಂ ಎದ್ದು, ಕೈ ಒರೆಸಿಕೊಂಡು, ಅವರ ಎದುರು ನಿಂತರು. ಮಾತಿನಲ್ಲಿ ನಗು ಇರಲಿಲ್ಲ.

“ಸಾರ್, ತಪ್ಪು ನಮ್ಮದು. ಇವನದಲ್ಲ. ಇವ ಕೇಳಿದ್ದನ್ನ ಸರಿಯಾಗಿ ಕೇಳ್ಯಾನ, ಹೇಳಿದ್ದನ್ನ ಸರಿಯಾಗಿ ಹೇಳ್ಯಾನ. ನಾವು ಬರದ ಪ್ರೋಗ್ರಾಮು ಕಡೀ ಸಾಲು ನುಂಗೇತಿ. ನಿನ್ನೀತನಕ ಎಲ್ಲಿ ನುಂಗ್ತೈತಿ ಅಂತ ಗೊತ್ತಿರಲಿಲ್ಲ. ಈಗ ಗೊತ್ತಾತು, ಅದಕ್ಕ ಹಬ್ಬ. ಸೋಮವಾರದ ಹುಡುಗಗ ಬರಬ್ಯಾಡ ಅಂತ ಹೇಳ್ರಿ. ತಗೋರಿ, ಕೈ ಮುಂದ ಮಾಡ್ರಿ.”

ಮ್ಯಾನೇಜರು ಯಾಕೋ ಕೈ ಮುಂದೆ ಮಾಡಿದರು. ಸ್ವಲ್ಪ ಹೊತ್ತು ತಿಂದು, “ಸೋಮವಾರ ನೋಡ್ತೀನಿ” ಎಂದು ಹೋದರು.

ಆಫೀಸಿಗೆ ವಾಪಸು ಬಂದು ಕೂತ ಮೇಲೆ ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ತಪ್ಪು ಈಗ ಕರೆದರೆ ಬರುತ್ತಿತ್ತಲ್ಲ. ನಮ್ಮ ತಂತ್ರಾಂಶ ಒಂದೇ ತುಂಡಲ್ಲ. ಆರ್ಡರಿನ ಕಡತದಿಂದ ಪಠ್ಯ ತೆಗೆಯುವುದು ಒಂದು ಪ್ರೋಗ್ರಾಮು, ಅದನ್ನು ಓದುವುದು ಇನ್ನೊಂದು. ಎರಡರ ನಡುವೆ ಒಂದು ಪೈಪು. ಇವನು ಇತ್ತ ಸುರಿಯುತ್ತಾನೆ, ಅವನು ಅತ್ತ ಹಿಡಿಯುತ್ತಾನೆ. ಸುರಿಯುವವನು ತನ್ನ ತುದಿ ಮುಚ್ಚಿದಾಗ, ಓಹೋ ಇನ್ನು ಬರುವುದಿಲ್ಲ ಎಂದು ಓದುವವನಿಗೆ ತಿಳಿಯುತ್ತದೆ. ಕೈಯಲ್ಲಿ ಉಳಿದ ಕೊನೆಯ ಸಾಲನ್ನು ಹೇಳಿ ಮುಗಿಸುತ್ತಾನೆ. ಆದರೆ ಅದೇ ಕ್ಷಣದಲ್ಲಿ ಶುರುವಾದ ಪ್ರಿಂಟಿನ ಪ್ರೋಗ್ರಾಮಿಗೂ ನಾವು ಗೊತ್ತಿಲ್ಲದೆ ಆ ತುದಿಯ ಒಂದು ಪ್ರತಿ ಕೊಟ್ಟುಬಿಡುತ್ತಿದ್ದೆವು. ಅದಕ್ಕೆ ಅದರ ಅಗತ್ಯವೇ ಇಲ್ಲ, ಹಿಡಿದುಕೊಂಡಿದ್ದೇನೆ ಎಂದೂ ಗೊತ್ತಿಲ್ಲ. ಅದು ಬಿಡುವವರೆಗೆ ಓದುವವನು ಇನ್ನೂ ಏನೋ ಬರಲಿದೆ ಎಂದು ಕಾಯುತ್ತ ಕೂರುತ್ತಿದ್ದ. ಲಿನಕ್ಸಿಗೆ ಬರೆದ ಭಾಗದಲ್ಲಿ ನಾವೇ ಇದಕ್ಕೆ ತಡೆ ಹಾಕಿದ್ದೆವು. ವಿಂಡೋಸಿನ ಭಾಗದಲ್ಲಿ ಹಾಕಲು ಮರೆತಿದ್ದೆವು.

ನನಗೆ ಇದು ತಲೆಗೆ ಹತ್ತಲು ಮೇಡಂ ತವರುಮನೆಯ ಫೋನಿನ ಕಥೆ ಹೇಳಬೇಕಾಯಿತು. “ನಮ್ಮಪ್ಪನ ಮನ್ಯಾಗ ಪಡಸಾಲ್ಯಾಗ ಒಂದು ಫೋನು, ಒಳಗ ಒಂದು ಫೋನು, ಲೈನು ಒಂದೇ. ನಮ್ಮಪ್ಪ ಇಲ್ಲಿ ಇಟ್ಟುಬಿಡಾಂವ. ಒಳಗ ನಮ್ಮ ಅತ್ತಿ ಎತ್ತಿದ್ದು ಕೆಳಗಿಟ್ಟು ಮರತು ಹಾಲು ಕಾಸಾಕ ಹೋಗಿರ್ತಿದ್ಲು. ಲೈನು ಕಟ್ಟೇ ಆಗ್ತಿದ್ದಿಲ್ಲ. ಆ ಕಡಿಯಾಂವ ಹಲೋ ಹಲೋ ಅಂತಿದ್ದ.” ಆಮೇಲೆ ನವೀನನ ಭುಜ ತಟ್ಟಿ, “ನಿನ್ನ ಅರೆಕ್ಷಣ ಫೋನು ಬರೂದನ್ನ ಸ್ವಲ್ಪ ತಡಾ ಮಾಡ್ತಿತ್ತು, ಅತ್ತಿ ಅಷ್ಟರಾಗ ಎತ್ತಿಟ್ಟು ಹೋಗಿರ್ತಿದ್ಲು, ಅಷ್ಟ” ಅಂದರು. ನವೀನನೂ ನಕ್ಕ.

ತಿದ್ದಿದ್ದು ನಾಲ್ಕೇ ಸಾಲು. ಯಾರಿಗೆ ಬೇಕೋ ಅವರ ಕೈಗೆ ಮಾತ್ರ ತುದಿ ಕೊಡುವ ಹಾಗೆ. ಸೋಮವಾರ ಮ್ಯಾನೇಜರು ಶರಣಪ್ಪನ ಹಿಂದೆ ನಿಂತು, ಬೇಕೆಂದೇ ಎರಡೂ ಕೀಲಿ ಒಟ್ಟಿಗೆ ಒತ್ತಿಸಿ, ಕೊನೆಯ ಸಾಲು ಬರುವುದನ್ನು ಕೇಳಿದರಂತೆ. ಮತ್ತೆ ಒತ್ತಿಸಿದರಂತೆ. ಆಮೇಲೆ ತಮ್ಮ ಕೆಲಸಕ್ಕೆ ಹೋದರಂತೆ. ಶರಣಪ್ಪ ಈಗಲೂ ಅದೇ ಕುರ್ಚಿಯಲ್ಲಿದ್ದಾನೆ. ಆ ಸುದ್ದಿ ಬಂದ ದಿನ ನಮಗೆ ತಿಂಡಿಯಿಲ್ಲ. ನಿಯಮ ಅಂದರೆ ನಿಯಮ.

ಆದರೆ ಮೇಡಂ ಅವತ್ತು ಒಂದು ಪರೀಕ್ಷೆ ಬರೆದರು. ಪರದೆ ನೋಡದೆ, ಕಾಯದೆ, ಓದನ್ನೂ ಪ್ರಿಂಟನ್ನೂ ಒಟ್ಟಿಗೆ ಎಬ್ಬಿಸಿ, ಕೊನೆಯ ಸಾಲು ಬಂತೋ ಇಲ್ಲವೋ ನೋಡುವ ಪರೀಕ್ಷೆ. ನಾಳೆ ಯಾರೋ ಗೊತ್ತಿಲ್ಲದವರು ಗೊತ್ತಿಲ್ಲದೆ ಅದೇ ತಪ್ಪನ್ನು ವಾಪಸು ತಂದರೆ ಅಲ್ಲೇ ಸಿಕ್ಕಿಬೀಳಲಿ ಎಂದು. ಅವರ ಬೆನ್ನ ಹಿಂದೆ ನಿಂತು ನೋಡುತ್ತಿದ್ದೆ. ಪಠ್ಯವೆಲ್ಲ ಪಂಪು, ಪೈಪು, ಸ್ಟಾರ್ಟರು. ಕೊನೆಯ ಸಾಲಿಗೆ ಬಂದಾಗ ಕಿವಿಯ ಹಾಲೆ ಒಮ್ಮೆ ಎಳೆದುಕೊಂಡು ಬರೆದರು: ಊಟ ಆತೇನೋ ಶರಣಪ್ಪಾ?

“ಇದೇನ್ ಮೇಡಂ ಇಲ್ಲಿ!”

“ಕಡೀ ಸಾಲು ಬರಬೇಕಿಲ್ಲೋ? ಯಾವುದು ಬಂದ್ರೇನು.” ಆಮೇಲೆ ದನಿ ತಗ್ಗಿಸಿ, “ಅವನ ಮುಂದ ಹೇಳಬ್ಯಾಡ. ಉಬ್ಬಿಹೋಗ್ತಾನ.”

ನಾನು ಹೇಳಲಿಲ್ಲ. ಈ ಪರೀಕ್ಷೆ ಓಡುವಾಗ ದನಿ ಹೊರಗೆ ಬರುವುದಿಲ್ಲ, ಯಂತ್ರ ಯಂತ್ರವನ್ನೇ ತಾಳೆ ನೋಡಿಕೊಳ್ಳುತ್ತದೆ. ಹಾಗಾಗಿ ಜಗತ್ತಿನ ಯಾವ್ಯಾವ ಮೂಲೆಯಲ್ಲೋ ಯಾರ್ಯಾರೋ ನಮ್ಮ ತಂತ್ರಾಂಶವನ್ನು ಮುಟ್ಟಿದಾಗಲೆಲ್ಲ ಮೇಡಂ ಶರಣಪ್ಪನನ್ನು ಊಟ ಆಯಿತೇ ಎಂದು ಕೇಳುತ್ತಲೇ ಇದ್ದರು. ಅವನಿಗೆ ಮಾತ್ರ ಕೇಳಿಸಿರಲಿಲ್ಲ. ಶ್ರಾವಣದಲ್ಲಿ, ಮೇಡಂ ಹೋದ ದಿನ, ಜಾಲಹಳ್ಳಿಯ ಮನೆಗೆ ಅವನೂ ಬಂದಿದ್ದ. ಮೇಡಂ ಅವರ ಬೂಟು ಬಾಗಿಲ ಹೊರಗೇ ಇತ್ತು. ಅವನ ಕೈ ಹಿಡಿದು ಅವರ ಬಳಿ ಕರೆದೊಯ್ದೆ. ಕೈಮುಗಿದು ನಿಂತ.

ಆ ಪರದೇಶಿ ಪುಣ್ಯಾತ್ಮನ ಪ್ರಶ್ನೆ ಬಂದ ಮರುದಿನ, ಯೋಚಿಸಿ, ಶರಣಪ್ಪನಿಗೆ ಫೋನು ಮಾಡಿದೆ. ಅವನ ಹೆಸರಿನ ಸಾಲು, ಅವನನ್ನು ಕೇಳದೆ ತೆಗೆಯುವುದೂ ತಪ್ಪು, ಇಡುವುದೂ ತಪ್ಪು ಅನಿಸಿತು. ಕೆಳಗೆ ಪ್ರೆಸ್ ಶಾಪಿನವರು ಊಟಕ್ಕೆ ಬಿಟ್ಟಿದ್ದರು, ಅಪರೂಪಕ್ಕೆ ಗದ್ದಲವಿರಲಿಲ್ಲ. ಎಲ್ಲ ಹೇಳಿದೆ. ಪರೀಕ್ಷೆಯ ಪಠ್ಯಕ್ಕೆ ದನಿ ಹಚ್ಚಿ, ಫೋನನ್ನು ಸ್ಪೀಕರಿನ ಪಕ್ಕ ಇಟ್ಟೆ. ಯಂತ್ರ ತನ್ನ ಚಪ್ಪಟೆ ದನಿಯಲ್ಲಿ ಪಂಪು ಓದಿತು, ಪೈಪು ಓದಿತು, ಸ್ಟಾರ್ಟರು ಓದಿತು. ಆಮೇಲೆ ಓದಿತು: ಊಟ ಆತೇನೋ ಶರಣಪ್ಪಾ?

ಆ ಕಡೆಯಿಂದ ಸದ್ದಿಲ್ಲ. ಲೈನು ಹೋಯಿತೋ, ಅವನೇ ಸುಮ್ಮನಾದನೋ ನನಗೆ ಗೊತ್ತಾಗಲಿಲ್ಲ. ಹಲೋ ಅನ್ನಲು ಬಾಯಿ ತೆರೆದೆ.

“ಆತ್ರೀ ಅಕ್ಕಾರ,” ಅಂದ ಶರಣಪ್ಪ. “ಈಗ ಆತ್ರೀ.”